ಗುಂಡಣ್ಣನನ್ನು ಎತ್ತಿದವರು ಯಾರು?

ಬಾಗಿಲು ತೆರೆದರೂ ಟ್ರೇನರ್ ಹುಡುಗಿ ಒಳಗೆ ಬರಲಿಲ್ಲ, ಅಳಲೂ ಇಲ್ಲ. ಹರಿದುಹೋದ ಹಳದಿ ರಬ್ಬರ್ ಪಟ್ಟಿಯ ಎರಡು ತುಂಡುಗಳನ್ನು ಮುಂದೆ ಹಿಡಿದು, "ಮೇಡಂ ಇದಾರಾ? ಇದು ತಾನಾಗೇ ಹರಿದಿದ್ದಲ್ಲ. ನನ್ನ ಮಾತು ಯಾರೂ ಕೇಳ್ತಿಲ್ಲ," ಎಂದಳು.

ಬಾಗಿಲು ತೆರೆದವಳು ನಾದಿನಿ. ಮೇಡಂ ಎಂದರೆ ಅವಳ ಅತ್ತಿಗೆ. ಕಾರ್ಖಾನೆಗಳ ಸುರಕ್ಷತಾ ಇನ್‌ಸ್ಪೆಕ್ಟರ್ ಆಗಿದ್ದವರು. ಯಂತ್ರಕ್ಕೆ ಕೈ ಸಿಕ್ಕಿದ್ದು ಕೆಲಸಗಾರನ ತಪ್ಪಿನಿಂದಲೋ ಮಾಲೀಕನ ತಪ್ಪಿನಿಂದಲೋ ಎಂದು ಹುಡುಕುತ್ತಲೇ ತಲೆ ನರೆತವರು. ನಿವೃತ್ತರಾದ ಮೇಲೆ ಕಟ್ಟಡದಲ್ಲಿ ಯಾರ ವಸ್ತು ಕಳೆದರೂ, ಯಾರ ಮೇಲೆ ಗುಮಾನಿ ಬಂದರೂ ಜನ ಅವರ ಮನೆಯ ಬೆಲ್ ಒತ್ತುತ್ತಿದ್ದರು. ಬುದ್ಧಿಯಲ್ಲಿ ಅತ್ತಿಗೆಗೆ ತಾನು ಸಮ ಅಲ್ಲ ಎಂದು ನಾದಿನಿ ಒಪ್ಪಿಕೊಳ್ಳುತ್ತಿದ್ದಳು. ಕೋಪದಲ್ಲಿ ಮಾತ್ರ ಅವಳನ್ನು ಮೀರಿಸುವವರು ಆ ಕಟ್ಟಡದಲ್ಲಿ ಹುಟ್ಟಿರಲಿಲ್ಲ.

"ಒಳಗೆ ಬಾ, ಕೂತ್ಕೋ," ಎಂದರು ಅತ್ತಿಗೆ. "ಮೊದಲಿಂದ ಹೇಳು."

ಹುಡುಗಿ ಹೇಳಿದಳು. ಎರಡನೇ ಮಹಡಿಯ ಮನೆಯ ಅಮ್ಮ ಕಳೆದ ವರ್ಷ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ವ್ಯಾಯಾಮ ಮಾಡದಿದ್ದರೆ ಕಾಲಿಗೆ ಶಕ್ತಿ ಬಾರದು ಎಂದು ಡಾಕ್ಟರ್ ಹೇಳಿದ್ದರಿಂದ, ಮನೆಯವರು ಹಳೆಯ ಸಾಮಾನು ತುಂಬಿದ್ದ ಪುಟ್ಟ ಕೋಣೆಯನ್ನು ಖಾಲಿ ಮಾಡಿ ಜಿಮ್ ಮಾಡಲು ಹೊರಟರು. ಕಿರಿಮಗ ಟ್ರೆಡ್‌ಮಿಲ್ ಬೇಕೆಂದ. ನಿಂತಲ್ಲೇ ಎಲ್ಲ ಕಸರತ್ತು ಮಾಡಿಸುವ ದೊಡ್ಡ ಯಂತ್ರವೂ ಬೇಕೆಂದ. ಹುಡುಗಿ ಟೇಪು ಹಿಡಿದು ಕೋಣೆ ಅಳೆದು, "ಅಣ್ಣ, ಅವೆರಡೂ ಬಂದ್ರೆ ನೀವು ಬಾಲ್ಕನಿಯಲ್ಲಿ ನಿಂತು ನೋಡ್ಬೇಕಾಗುತ್ತೆ," ಎಂದಿದ್ದಳು. ಅವಳ ಪದ್ಧತಿಯೇ ಬೇರೆ. ಮೊದಲು ಮೈ ನೋಡಬೇಕು, ಆಮೇಲೆ ಸಲಕರಣೆ. ಕುರ್ಚಿಯಿಂದ ಕೈಯೂರದೆ ಏಳಲು ಬರುತ್ತದೆಯೇ, ಒಂಟಿ ಕಾಲಲ್ಲಿ ನಿಲ್ಲಲು ಬರುತ್ತದೆಯೇ ಎಂದು ಪರೀಕ್ಷಿಸಿ, ಒಂದು ಮ್ಯಾಟು, ಒಂದು ಗಟ್ಟಿ ಕುರ್ಚಿ, ಪುಟ್ಟ ಡಂಬೆಲ್ ಜೋಡಿ, ಗೋಡೆಗೊಂದು ಕೊಕ್ಕೆ, ಎಳೆಯುವುದಕ್ಕೆ ಬಣ್ಣಬಣ್ಣದ ರಬ್ಬರ್ ಪಟ್ಟಿಗಳು, ಇಷ್ಟು ಸಾಕು ಎಂದಳು. ಅಷ್ಟೇ ತಂದರು.

ಕಿರಿಮಗ ಮಾತ್ರ ಹಟಕ್ಕೆ ಬಿದ್ದು ಇಪ್ಪತ್ನಾಲ್ಕು ಕೆ.ಜಿ.ಯ ಕೆಟಲ್‌ಬೆಲ್ ಒಂದನ್ನು ತರಿಸಿದ. ಹಿಡಿಕೆ ಇರುವ ಕಬ್ಬಿಣದ ಗುಂಡು ಅದು. ಬಂದ ದಿನ ಅದನ್ನು ಎತ್ತಲು ಹೋಗಿ ಅವನೇ ಕೂತುಬಿಟ್ಟ. ಮನೆಯವರು ನಕ್ಕು ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟರು. ಅದನ್ನು ಸಲೀಸಾಗಿ ಎತ್ತುತ್ತಿದ್ದವಳು ಹುಡುಗಿಯೊಬ್ಬಳೇ. ಪಟ್ಟಿಗಳನ್ನು ಯಾರಾದರೂ ತೆಗೆದು ಬೇಕಾಬಿಟ್ಟಿ ಎಳೆದಾಡಬಾರದು ಎಂದು, ಸಂಜೆ ಹೊರಡುವಾಗ ಅವುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿ, ಟಾಲ್ಕಂ ಪೌಡರ್ ಹಚ್ಚಿ, ಟ್ರಂಕಿನಲ್ಲಿಟ್ಟು, ಮುಚ್ಚಳದ ಮೇಲೆ ಗುಂಡಣ್ಣನನ್ನು ಕೂರಿಸಿ ಹೋಗುತ್ತಿದ್ದಳು. ಬೀಗಕ್ಕಿಂತ ಅದೇ ಭದ್ರ.

"ಇವತ್ತು ಬೆಳಿಗ್ಗೆ ಪಟ್ಟಿ ಹೊರಗೆ ತೆಗ್ದು ಕೊಕ್ಕೆಗೆ ಹಾಕ್ದೆ. ಕುರ್ಚಿ ಸರಿಮಾಡೋಣ ಅಂತ ತಿರುಗಿದ್ದೆ ಅಷ್ಟೆ. ಪಟ್ ಅಂತ ಸದ್ದು. ಅಮ್ಮನ ಹುಬ್ಬಿಗೇ ಬಡಿದಿತ್ತು. ಒಂಚೂರು ಕೆಳಗೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು." ಹುಡುಗಿ ತುಂಡುಗಳನ್ನು ಟೀಪಾಯಿ ಮೇಲಿಟ್ಟಳು. "ಗುಂಡಣ್ಣನ್ನ ಎತ್ತೋಳು ನೀನೊಬ್ಳೇ, ಹಾಗಾಗಿ ಪಟ್ಟಿ ಮುಟ್ಟಿದೋಳೂ ನೀನೊಬ್ಳೇ ಅಂತಾರೆ. ಅಮ್ಮನ ದೊಡ್ಡ ಮಗ, ಹಿರಿಯಣ್ಣ, ಕಟ್ಟಡದ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದಾರೆ. ಸಂಜೆ ಮೀಟಿಂಗಂತೆ. ಇನ್ಮೇಲೆ ಈ ಕಟ್ಟಡದ ಯಾವ ಮನೆಗೂ ನನ್ನ ಬಿಡಬಾರದು ಅಂತ ತೀರ್ಮಾನ ಮಾಡ್ತಾರಂತೆ. ನನ್ನ ಊಟ ಈ ಮನೆಗಳಿಂದ್ಲೇ ಮೇಡಂ."

"ಆ ಮನೇಲಿ ನಿನ್ನ ಕಂಡ್ರೆ ಆಗದೋರು ಯಾರು?"

"ಟ್ರೆಡ್‌ಮಿಲ್ ಬೇಡ ಅಂದಿದ್ದಕ್ಕೆ ಕಿರಿಯಣ್ಣನಿಗೆ ಕೋಪ ಇತ್ತು. ಹಿರಿಯಣ್ಣನ ಹೆಂಡತಿ ಪಾಪ, ಮಾತೇ ಕಡಿಮೆ. ಹಿರಿಯಣ್ಣ ಬೆನ್ನುನೋವು ಅಂತ ಒಂದೂವರೆ ವರ್ಷದಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ಅವರನ್ನ ನೋಡೋಕೆ ನನಗೆ ಗೊತ್ತಿರೋ ಫಿಸಿಯೋಥೆರಪಿ ಡಾಕ್ಟರನ್ನ ಬರೋ ವಾರ ಕರ್ಕೊಂಡು ಬರ್ತೀನಿ ಅಂತ ಮೊನ್ನೆ ತಾನೇ ಹೇಳಿದ್ದೆ. ನಾನು ಯಾರಿಗೇನು ಅನ್ಯಾಯ ಮಾಡಿದೀನಿ ಹೇಳಿ?"

ಅತ್ತಿಗೆ ಪಟ್ಟಿಯ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಧ್ಯದಲ್ಲಿ, ಕೊಕ್ಕೆಗೆ ಸಿಕ್ಕಿಸುವ ಜಾಗದಲ್ಲಿ, ಸವೆಯದಿರಲೆಂದು ಬಟ್ಟೆಯ ತೋಳು ತೊಡಿಸಿದ್ದರು. ಪಟ್ಟಿ ತುಂಡಾಗಿದ್ದು ಅದರೊಳಗೆ. ತುಂಡಾದ ಅಂಚು ಅರ್ಧಕ್ಕಿಂತ ಹೆಚ್ಚು ನೇರವಾಗಿ, ನುಣುಪಾಗಿತ್ತು. ಉಳಿದದ್ದು ಹಿಂಜಿಕೊಂಡಿತ್ತು.

"ಬ್ಲೇಡು," ಎಂದಳು ನಾದಿನಿ. "ಯಾರ ಮನೆ ಹಾಳು ಕೆಲಸ ಇದು!"

"ಬ್ಲೇಡೇ. ಬಟ್ಟೆ ಸರಿಸಿ, ಕುಯ್ದು, ಮತ್ತೆ ಬಟ್ಟೆ ಮುಚ್ಚಿದಾರೆ," ಎಂದರು ಅತ್ತಿಗೆ. "ನಡಿ, ಹೋಗಿ ನೋಡ್ಕೊಂಡು ಬರೋಣ."

ಎರಡನೇ ಮಹಡಿಯ ಹಾಲ್‌ನಲ್ಲಿ ಹಿರಿಮಗ ಒರಗುಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಬೆನ್ನ ಹಿಂದೆ ನೀಲಿ ಮಖಮಲ್ಲಿನ ದಿಂಬು. ಹಾಸಿಗೆ ಆಗದೆಂದು ರಾತ್ರಿಯೂ ಅವನು ಅಲ್ಲೇ ಮಲಗುತ್ತಿದ್ದ. ಇವರನ್ನು ಕಂಡವನೇ, "ಆ ಹುಡುಗಿ ಪರವಾಗಿ ಬಂದಿದ್ರೆ ಬಾಗಿಲು ಅಲ್ಲೇ ಇದೆ," ಎಂದ. ಎದ್ದು ಬಾಗಿಲು ತೋರಿಸಲಾಗದವನಿಗೆ ಇಷ್ಟು ಬಾಯಿ ಎಂದುಕೊಂಡಳು ನಾದಿನಿ. ಅಷ್ಟರಲ್ಲಿ ಅವನ ಹೆಂಡತಿ ಜಾರುತ್ತಿದ್ದ ದಿಂಬನ್ನು ಸರಿಮಾಡಲು ಕೈ ಚಾಚಿದಳು. "ದಿಂಬು ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕು?" ಎಂದು ಅವನು ಗದರಿದ. ದಿಂಬಿನ ಅಂಚಿನಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಮುಟ್ಟಲು ಬಿಡದಿದ್ದರೆ ಒಗೆಯುವುದಾದರೂ ಹೇಗೆ ಎಂದು ನಾದಿನಿಗೆ ಸೊಸೆಯ ಮೇಲೆ ಮರುಕ ಹುಟ್ಟಿತು.

ಅಮ್ಮ ಹುಬ್ಬಿನ ಮೇಲೆ ದಪ್ಪ ಬ್ಯಾಂಡೇಜು ಹಾಕಿಕೊಂಡು ಒಳಕೋಣೆಯಲ್ಲಿ ಕೂತಿದ್ದರು. "ತಪ್ಪು ನಂದೇ," ಎಂದರು. "ದಿನಾ ಆ ಮಗು ಮೊದಲು ತಾನು ಎಳೆದು ನೋಡಿ ಆಮೇಲೆ ನನ್ನ ಕೈಗೆ ಕೊಡ್ತಿತ್ತು. ಇವತ್ತು ಅದು ತಿರುಗೋದ್ರೊಳಗೆ ನಾನೇ ಎಳೆದುಬಿಟ್ಟೆ. ಈಗ ನನಗೂ ಶಕ್ತಿ ಬಂದಿದೆ ಅಂತ ತೋರಿಸೋ ಆಸೆ."

"ಮೊದಲು ಅವಳೇ ಎಳೆಯೋದು ಮನೇಲಿ ಎಲ್ರಿಗೂ ಗೊತ್ತಿತ್ತಾ?" ಎಂದು ಕೇಳಿದರು ಅತ್ತಿಗೆ.

"ಹಾಲ್‌ನಿಂದ ಎಲ್ಲಾ ಕಾಣುತ್ತಲ್ಲ."

ಜಿಮ್ ಕೋಣೆಯಲ್ಲಿ ಗುಂಡಣ್ಣ ನೆಲದ ಮೇಲಿದ್ದ. ಟ್ರಂಕು ಮೊಣಕಾಲೆತ್ತರದ್ದು, ಮುಚ್ಚಳಕ್ಕೆ ಸುತ್ತಲೂ ಏರಿದ ಅಂಚಿತ್ತು. ಅತ್ತಿಗೆ ಬಾಗಿ ಮುಚ್ಚಳದ ಬಣ್ಣ ನೋಡಿದರು, ನೆಲದ ಟೈಲ್ಸ್ ನೋಡಿದರು. ಗೀರೂ ಇರಲಿಲ್ಲ, ಬಿರುಕೂ ಇರಲಿಲ್ಲ. ಆಮೇಲೆ ಕಿರಿಮಗನನ್ನೂ ಸೊಸೆಯನ್ನೂ ಕರೆದು, "ಇದನ್ನ ಟ್ರಂಕಿನ ಮೇಲಿಡಿ ನೋಡೋಣ," ಎಂದರು. ಕಿರಿಮಗ ತೋಳು ಮಡಚಿ, ಉಸಿರು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡ. ಗುಂಡಣ್ಣ ಗೇಣುದ್ದ ಎದ್ದು ಮತ್ತೆ ಕೂತ. ಸೊಸೆಯ ಕೈಯಲ್ಲಿ ಅಷ್ಟೂ ಆಗಲಿಲ್ಲ.

"ಬಕೆಟ್ಟು ಹೊತ್ತು ಹೊತ್ತು ಕೈಯಲ್ಲಿ ಕಸುವೇ ಉಳಿದಿಲ್ಲ," ಎಂದಳು ಸೊಸೆ. ಬಾತ್‌ರೂಮಿನ ಗೀಸರ್ ಕೆಟ್ಟ ಮೇಲೆ ಗಂಡನ ಸ್ನಾನಕ್ಕೆ ದಿನವೂ ಬಿಸಿನೀರು ಅಡುಗೆಮನೆಯಿಂದ ಹೊರುವುದು ಅವಳ ಪಾಲಿಗೆ ಬಂದಿತ್ತು. "ಮೊದಲು ಅತ್ತೆ ಹೊರ್ತಿದ್ರು. ಹಾಗೆ ಹೊತ್ಕೊಂಡು ಹೋಗುವಾಗ್ಲೇ ಅವರು ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ದು."

ಮೆಟ್ಟಿಲು ಹತ್ತುವಾಗ ನಾದಿನಿಗೆ ತಡೆಯಲಾಗಲಿಲ್ಲ. "ಅತ್ತಿಗೆ, ಯಾರ ಕೈಯಲ್ಲೂ ಎತ್ತೋಕಾಗಲ್ಲ ಅಂದ್ರೆ ಸುತ್ತಿ ಬಳಸಿ ಆ ಹುಡುಗಿ ಮೇಲೇ ಬರುತ್ತಲ್ಲ!"

"ನಾವು ಎಲ್ರಿಗೂ ಎತ್ತಿಸಿ ನೋಡಿಲ್ಲ ಕಣೇ," ಎಂದರು ಅತ್ತಿಗೆ. "ಸಂಜೆ ನನ್ನ ಪಕ್ಕದಲ್ಲಿ ಕೂರ್ಬೇಡ, ಹಿರಿಮಗನ ಪಕ್ಕದಲ್ಲಿ ಕೂರು. ನಾನು ದಿಂಬು ಅಂದ ತಕ್ಷಣ ಅದನ್ನ ತಗೊಂಡು ನನ್ನ ಹತ್ರ ಬಂದುಬಿಡು."

ಸಂಜೆ ಸಂಘದ ಸಭಾಂಗಣ ತುಂಬಿತ್ತು. ಹಿರಿಮಗನನ್ನು ಅವನ ಹೆಂಡತಿಯೂ ವಾಚ್‌ಮನ್ನೂ ಕುರ್ಚಿ ಸಮೇತ ಎಳೆದುಕೊಂಡು ಲಿಫ್ಟಿನಲ್ಲಿ ಇಳಿಸಿ ತಂದರು. ಸೊಸೆ ಏದುಸಿರು ಬಿಡುತ್ತಿದ್ದಳು. ಹಿಂದೆಯೇ ಕಿರಿಮಗ ಅಮ್ಮನ ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದ. ಅವನು ನೀಲಿ ದಿಂಬಿಗೆ ಒರಗಿ, "ಇಂಥೋರನ್ನ ಮನೆ ಒಳಗೆ ಬಿಟ್ಟಿದ್ದೇ ನಮ್ಮ ತಪ್ಪು," ಎಂದು ಅಧ್ಯಕ್ಷರಿಗೆ ಹೇಳುತ್ತಿದ್ದ. ಸುತ್ತಲಿನವರು ತಲೆಯಾಡಿಸುತ್ತಿದ್ದರು. ಹುಡುಗಿಯಿಂದ ಮಂಡಿನೋವು ವಾಸಿ ಮಾಡಿಸಿಕೊಂಡವರೂ ಆಡಿಸುತ್ತಿದ್ದರು. ಅದನ್ನು ನೋಡಿ ನಾದಿನಿಯ ಮೈಯೆಲ್ಲ ಉರಿಯಿತು. ಬಾಗಿಲ ಪಕ್ಕದಲ್ಲಿ ನಿಂತಿದ್ದ ಹುಡುಗಿಗೆ ಕೂರು ಎಂದವರು ಒಬ್ಬರೂ ಇರಲಿಲ್ಲ.

"ತೀರ್ಮಾನಕ್ಕೆ ಮುಂಚೆ ನನ್ನದೊಂದೆರಡು ಮಾತು," ಎಂದು ಅತ್ತಿಗೆ ಎದ್ದು ನಿಂತರು. ಪಟ್ಟಿಯ ತುಂಡುಗಳನ್ನು ಅಧ್ಯಕ್ಷರ ಕೈಗೆ ಕೊಟ್ಟರು. "ಅಂಚು ಸವರಿ ನೋಡಿ. ನುಣುಪಾಗಿರೋದು ಬ್ಲೇಡಿನ ಕೆಲಸ. ಹಿಂಜಿರೋದು ಅಮ್ಮ ಎಳೆದಾಗ ಆಗಿದ್ದು. ಯಾರೋ ಬೇಕೂಂತ ಕುಯ್ದು, ಕಾಣದ ಹಾಗೆ ಬಟ್ಟೆ ಮುಚ್ಚಿದಾರೆ."

"ಟ್ರಂಕು ತೆಗೆಯೋಕೆ ಬರೋದು ಅವಳಿಗೊಬ್ಬಳಿಗೇ!" ಎಂದ ಹಿರಿಮಗ.

"ಅದಕ್ಕೇ ಬರ್ತೀನಿ. ಈ ಹುಡುಗಿ ದಿನಾ ಪಟ್ಟಿನ ಮೊದಲು ತಾನು ಎಳೆದು ನೋಡ್ತಾಳೆ. ಇವತ್ತು ಅಮ್ಮ ಅವಸರ ಮಾಡಿದ್ರು. ಇಲ್ದಿದ್ರೆ ಪಟ್ಟಿ ಹರಿದು ಬಡೀತಿದ್ದಿದ್ದು ಯಾರ ಮುಖಕ್ಕೆ? ಅವಳ ಮುಖಕ್ಕೆ. ತನ್ನ ಕಣ್ಣು ತಾನೇ ಕಳ್ಕೊಳ್ಳೋಕೆ ಯಾರಾದ್ರೂ ಬ್ಲೇಡು ಹಾಕ್ತಾರಾ? ಅದು ಅವಳಿಗೇ ಅಂತ ಇಟ್ಟಿದ್ದು. ಅವಳಿಗೆ ಏಟು ಬೀಳ್ಬೇಕು, ಮೇಲಿಂದ ಸಲಕರಣೆ ಆರಿಸೋಕೆ ಬರದೋಳು ಅಂತ ಹೆಸರೂ ಕೆಡ್ಬೇಕು."

ಸಭೆಯಲ್ಲಿ ಗುಸುಗುಸು ಎದ್ದಿತು. ಎಲ್ಲರ ಕಣ್ಣು ಕಿರಿಮಗನ ಕಡೆ ಹರಿಯಿತು. ಟ್ರೆಡ್‌ಮಿಲ್ ಜಗಳ ಕಟ್ಟಡಕ್ಕೆಲ್ಲ ಗೊತ್ತಿತ್ತು.

"ನಾನಲ್ಲ! ಆ ಗುಂಡಣ್ಣನ್ನ ಎತ್ತೋಕೆ ನನ್ನ ಕೈಯಲ್ಲಿ ಆಗಲ್ಲ," ಎಂದ ಅವನು. ಬದುಕಿನಲ್ಲಿ ಮೊದಲ ಬಾರಿಗೆ ಆ ಮಾತನ್ನು ಅವನು ಜೋರಾಗಿ ಹೇಳಿದ್ದ.

"ನಿಜ, ಆಗಲ್ಲ. ನಾನೇ ನೋಡಿದೀನಿ," ಎಂದರು ಅತ್ತಿಗೆ. "ಉರುಳಿಸೋಣ ಅಂದ್ರೆ ಮುಚ್ಚಳದ ಅಂಚು ಅಡ್ಡ. ಬೀಳಿಸಿದ್ರೆ ಟೈಲ್ಸ್ ಒಡೀಬೇಕು, ಕೆಳಗಿನ ಮನೆಯೋರು ಎದ್ದು ಬರಬೇಕು. ಇಬ್ಬರು ಸೇರಿ ಎತ್ತೋಣ ಅಂದ್ರೆ ಹಿಡಿಕೇಲಿ ಒಬ್ಬರ ಕೈಗೆ ಮಾತ್ರ ಜಾಗ. ಅಂದ್ರೆ ಒಬ್ಬ ಗಟ್ಟಿಮುಟ್ಟಾದ ಆಳು ಅದನ್ನ ಮೆತ್ತಗೆ ಇಳಿಸಿ, ಮತ್ತೆ ಮೆತ್ತಗೆ ಮೇಲೆ ಇಟ್ಟಿದಾನೆ. ಅಮ್ಮನ ಕೈಯಲ್ಲಿ ಆಗಲ್ಲ, ಸೊಸೆ ಕೈಯಲ್ಲಿ ಆಗಲ್ಲ, ಕಿರಿಮಗನ ಕೈಯಲ್ಲಿ ಆಗಲ್ಲ. ಆ ಮನೇಲಿ ಉಳಿದಿರೋದು ಒಬ್ಬರೇ. ಅವರು ಮಲಗೋದು ಒಬ್ಬರೇ ಹಾಲ್‌ನಲ್ಲಿ. ಹುಡುಗಿ ಮೊದಲು ಎಳೆಯೋದನ್ನ ದಿನಾ ಕೂತು ನೋಡ್ತಿದ್ದವರು. ಬರೋ ವಾರ ಫಿಸಿಯೋಥೆರಪಿ ಡಾಕ್ಟರ್ ಬಂದ್ರೆ ಬಂಡವಾಳ ಬಯಲಾಗುತ್ತೆ ಅಂತ ಹೆದರಿದವರು."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ! ನನಗೆ ನೀರಿನ ಚೊಂಬು ಎತ್ತೋಕಾಗಲ್ಲ!"

"ಪಟ್ಟಿಗೆಲ್ಲ ಪೌಡರ್ ಹಚ್ಚಿರ್ತಾರೆ. ಮುಟ್ಟಿದೋರ ಕೈಗೆ ಅಂಟುತ್ತೆ. ಆ ಮನೇಲಿ ಇವರು ಬಿಟ್ರೆ ಇನ್ಯಾರೂ ಮುಟ್ಟದ ವಸ್ತು ಒಂದಿದೆ. ಅದರ ಮೇಲೆ ಬೆಳ್ಳಗೆ ಬೆರಳಿನ ಗುರುತಿದೆ. ಆ ನೀಲಿ ದಿಂಬು."

ನಾದಿನಿ ಕಾಯುತ್ತಿದ್ದದ್ದೇ ಅದಕ್ಕೆ. ದಿಂಬನ್ನು ಸರಕ್ಕನೆ ಎಳೆದುಕೊಂಡು ಹೆಜ್ಜೆ ಹಾಕಿದಳು.

"ಏಯ್, ಕೊಡಿಲ್ಲಿ!"

ಹಿರಿಮಗ ಕುರ್ಚಿಯ ತೋಳು ಹಿಡಿಯಲಿಲ್ಲ. ಚಂಗನೆ ಎದ್ದ, ಮುಂದಿದ್ದ ಬೆಂಚನ್ನು ಒಂದೇ ನೆಗೆತಕ್ಕೆ ದಾಟಿದ, ಬಾಗಿ ದಿಂಬಿಗೆ ಕೈ ಹಾಕಿದ. ಆಮೇಲೆ ಎಲ್ಲರ ಕಣ್ಣು ತನ್ನ ಮೇಲಿರುವುದು ಅವನಿಗೆ ಕಂಡಿತು. ಬಾಗಿದವನು ಹಾಗೇ ನಿಂತ. ಒಂದು ಕೈ ತಾನಾಗೇ ಸೊಂಟಕ್ಕೆ ಹೋಯಿತು. ಹಿಂದಿನ ಸಾಲಿನಿಂದ ಯಾರೋ ಥೂ ಎಂದರು.

"ಮೊದಲು ನಿಜವಾಗ್ಲೂ ನೋವಿತ್ತು," ಎಂದ ಅವನು ಯಾರ ಮುಖವನ್ನೂ ನೋಡದೆ. "ಆಮೇಲೆ ಹೋಯ್ತು. ಆದ್ರೆ ಅಷ್ಟೊತ್ತಿಗೆ ಎಲ್ಲಾ... ಎಲ್ಲಾ ಅಭ್ಯಾಸ ಆಗಿಬಿಟ್ಟಿತ್ತು."

"ಯಾವಾಗ ಹೋಯ್ತು?" ಎಂದು ಸೊಸೆ ಕೇಳಿದಳು. ಅವಳ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ಯಾರೂ ಕೇಳಿರಲಿಲ್ಲ. "ಅತ್ತೆ ಬಿಸಿನೀರು ಹೊತ್ಕೊಂಡು ಬಿದ್ರಲ್ಲ, ಅದಕ್ಕೆ ಮುಂಚೇನಾ, ಆಮೇಲಾ?"

ಅವನು ತಲೆ ತಗ್ಗಿಸಿದ. ಉತ್ತರ ಎಲ್ಲರಿಗೂ ಸಿಕ್ಕಿತು. ಆ ಕ್ಷಣ ತನ್ನ ಕೈಯಲ್ಲಿದ್ದದ್ದು ದಿಂಬಾಗಿದ್ದಕ್ಕೆ ನಾದಿನಿ ಹಳಹಳಿಸಿದಳು. ಗುಂಡಣ್ಣನೇ ಇದ್ದಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಹುಡುಗಿಯ ಕಡೆ ತಿರುಗಿದರು. "ಏನೋ ತಪ್ಪು ತಿಳುವಳಿಕೆ ಆಯ್ತಮ್ಮ. ಮನಸ್ಸಿಗೆ ಹಚ್ಕೋಬೇಡ. ನಾಳೆಯಿಂದ ಎಂದಿನ ಹಾಗೆ ಬಾ."

"ತಪ್ಪು ತಿಳುವಳಿಕೆ ಅಲ್ಲ ಸಾರ್," ಎಂದಳು ಹುಡುಗಿ. "ನೀವು ತಿಳ್ಕೊಳ್ಳೋಕೇ ಹೋಗ್ಲಿಲ್ಲ. ಬೆಳಗಿಂದ ಒಬ್ರಾದ್ರೂ ನನ್ನ ಕರ್ದು ಏನಾಯ್ತು ಅಂತ ಕೇಳಿದ್ರಾ?"

ಅಮ್ಮ ಕುರ್ಚಿಯಿಂದ ನಿಧಾನವಾಗಿ ಎದ್ದರು. ಮಗನ ಪಕ್ಕದಲ್ಲೇ ಹಾದರೂ ಅವನ ಕಡೆ ನೋಡಲಿಲ್ಲ. ಬಾಗಿಲ ತನಕ ನಡೆದು ಹುಡುಗಿಯ ಕೈ ಹಿಡಿದುಕೊಂಡರು.

"ಏಟು ನನಗೆ ಬಿದ್ದಿದ್ದೇ ಒಳ್ಳೇದಾಯ್ತು ಮಗಳೇ," ಎಂದರು. "ನಿನಗೆ ಬಿದ್ದಿದ್ರೆ ಇವರ್ಯಾರೂ ಮೀಟಿಂಗು ಕರೀತಾನೇ ಇರ್ಲಿಲ್ಲ."