ಹೂದಾನಿಯ ಆಚೆ ಬದಿ

"ಇದೇನು, ಹೂವಿನ ಅಲಂಕಾರಾನಾ, ಅರ್ಧ ಕ್ಷೌರಾನಾ?"

ಹೂದಾನಿಗಳ ಫೋಟೊ ತೆಗೆಯಲು ಬಂದ ಅವಳು ನನಗೆ ಅಂದ ಮೊದಲ ಮಾತು ಇದು. ಸ್ಟುಡಿಯೊದಲ್ಲಿ ಎಂಟು ಜನ ಇದ್ದೆವು. ಹೂದಾನಿ ಕಂಪನಿಯ ಮ್ಯಾನೇಜರ್ ಎಲ್ಲರಿಗಿಂತ ಮೊದಲು ನಕ್ಕರು. ಅವರು ನಕ್ಕ ಮೇಲೆ ಲೈಟಿನವರು ನಕ್ಕರು, ಪರದೆಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸು ನಕ್ಕಳು. ಸೆಟ್ ಕಟ್ಟುವ ನನ್ನ ಸೋದರಮಾವ ಬಾಯಲ್ಲಿ ಸದಾ ನಾಲ್ಕು ಮೊಳೆ ಕಚ್ಚಿಕೊಂಡಿರುತ್ತಾನೆ. ಅವನೂ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಆಮೇಲೆ ನಕ್ಕ. ಸ್ವಂತ ಮಾವ.

ಅವಳು ಮಾಡಿದ್ದಿಷ್ಟೇ. ಹೂದಾನಿಯ ಹಿಂದಕ್ಕೆ ಹೋಗಿ ನಿಂತಿದ್ದಳು. ನಾನು ಆ ಸ್ಟುಡಿಯೊದಲ್ಲಿ ಹೂವು ಜೋಡಿಸಲು ಶುರುಮಾಡಿ ಆರು ವರ್ಷ. ಒಬ್ಬನೇ ಒಬ್ಬ ಫೋಟೊಗ್ರಾಫರ್ ಹೂದಾನಿಯ ಹಿಂದೆ ಹೋದವನಿಲ್ಲ.

ಹೋಗಿ ನೋಡುವುದಕ್ಕೆ ಅಲ್ಲಿ ಏನಿರುತ್ತದೆ? ಫೋಟೊಗೆ ಅಂತ ನಾವು ಕಟ್ಟುವ ಮನೆಗಳಿಗೆ ಎರಡೇ ಗೋಡೆ. ಕಿಟಕಿಯಾಚೆಯ ಸೂರ್ಯ ಸ್ಟ್ಯಾಂಡಿನ ಮೇಲೆ ನಿಂತಿರುತ್ತಾನೆ, ಅವನ ವೈರು ನೆಲದ ಮೇಲೆ ಹರಿದಿರುತ್ತದೆ. ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ ಇದೆ, ಹೊಟ್ಟೆ ಇಲ್ಲ. ಇಂಥ ಮನೆಯಲ್ಲಿ ಹೂವಿಗೂ ಒಂದೇ ಮುಖ. ಒಳ್ಳೆಯ ಹೂವನ್ನೆಲ್ಲ ಕ್ಯಾಮೆರಾ ಕಡೆಗೆ ತುಂಬಿದರೆ ಮುಗಿಯಿತು. ಹಿಂದೆ ಟೇಪು, ತಂತಿ, ಒದ್ದೆ ಸ್ಪಂಜು. ಎಲ್ಲರೂ ಮಾಡುವುದೇ ಹೀಗೆ.

"ಮೇಡಂ, ಕ್ಯಾಮೆರಾ ಈ ಕಡೆ ಇದೆ," ಅಂದೆ.

"ಅದು ಎಲ್ಲಿರ್ಬೇಕು ಅನ್ನೋದನ್ನ ನಾನು ಹೇಳ್ತೀನಿ."

"ಹಿಂದಗಡೆ ಯಾರೂ ನೋಡಲ್ಲ."

"ಮನೆ ಅಂದಮೇಲೆ ಮೇಜಿನ ಆ ಕಡೆ ಒಬ್ಬರು ಕೂತಿರ್ತಾರೆ, ಹೂವಿನವರೇ. ಅವರಿಗೆ ಏನು ತೋರಿಸ್ತೀರಾ, ಟೇಪಾ?"

"ಇಲ್ಲಿ ಆ ಕಡೆ ಕೂತಿರೋದು ಪ್ಲೈವುಡ್ಡು."

ಈ ಸಲ ನನ್ನ ಮಾತಿಗೆ ಇಬ್ಬರು ನಕ್ಕರು. ಅವಳು ನಗಲಿಲ್ಲ. "ಬಿಚ್ಚಿ. ಸುತ್ತ ಜೋಡಿಸಿ," ಅಂದು ಬೆನ್ನು ತಿರುಗಿಸಿದಳು.

ಊಟದ ಹೊತ್ತಿಗೆ ಇಡೀ ಸ್ಟುಡಿಯೊಗೆ ನಾನು 'ಅರ್ಧ ಕ್ಷೌರ' ಆಗಿದ್ದೆ. ಲೈಟಿನವನು "ಅರ್ಧ ಕ್ಷೌರ, ಉಪ್ಪು ಕೊಡು" ಅಂದ. ಉಪ್ಪಿನ ಡಬ್ಬಿಯನ್ನು ಅವನ ತಲೆಗೆ ಎಸೆಯಬೇಕು ಅನ್ನಿಸಿತು. ಮಾವ ಕಣ್ಣಲ್ಲೇ ಬೇಡ ಅಂದ.

"ಕೋಪ ಮೂಗಿನ ತುದೀಲಿ ಇಟ್ಕೊಂಡು ಕೆಲಸಕ್ಕೆ ಬರ್ಬಾರದು ಕಣೋ," ಅಂತ ಆಮೇಲೆ ಬುದ್ಧಿ ಹೇಳಿದ.

"ನೀನ್ಯಾಕೆ ನಕ್ಕೆ?"

"ಚೆನ್ನಾಗಿತ್ತು, ನಕ್ಕೆ."

ಒಟ್ಟು ನಲವತ್ತು ಹೂದಾನಿ, ನಲವತ್ತು ಮನೆಮೂಲೆ, ಹದಿನೈದು ದಿನ. ಒಂದು ನಿರ್ಧಾರ ಮಾಡಿಕೊಂಡೆ. ಅವಳು ಕೇಳಿದ್ದಕ್ಕಿಂತ ಒಂದು ಎಲೆ ಹೆಚ್ಚಿಲ್ಲ, ಒಂದು ಮಾತು ಹೆಚ್ಚಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹೂವಿನ ಬಕೆಟ್ಟು ಹಿಡಿದವನು ನಾನು. ಗುಲಾಬಿ ನಾಳೆ ಎಷ್ಟು ಹೊತ್ತಿಗೆ ತಲೆ ತಗ್ಗಿಸುತ್ತದೆ ಅಂತ ಇವತ್ತೇ ಹೇಳಬಲ್ಲೆ. ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡು ಬಂದವಳು ನನಗೆ ಹೂವು ಕಲಿಸುತ್ತಾಳಂತೆ.

"ಆ ಹೂವು ಸ್ವಲ್ಪ ಬಾಗಿರಲಿ," ಅನ್ನುವಳು.

"ಸ್ವಲ್ಪ ಅಂದ್ರೆ ಎಷ್ಟು?"

"ಬೇಜಾರಾದವರ ತಲೆ ಥರ."

"ಯಾರ ಬೇಜಾರು ಮೇಡಂ, ನಿಮ್ಮದಾ ನಂದಾ?"

"ನಿಮ್ಮದು. ನಂದು ಅಷ್ಟೆಲ್ಲ ಬಾಗಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಸೆಟ್ಟಿನ ಬಟ್ಟೆ ಕಚ್ಚಿಸುವ ಕರಿ ಕ್ಲಿಪ್ಪನ್ನೇ ಎತ್ತಿ ಕೂದಲಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಸಂಜೆ ಮಾವ ಕ್ಲಿಪ್ಪು ಎಣಿಸಿದರೆ ಯಾವಾಗಲೂ ಒಂದು ಕಡಿಮೆ. ಏನನ್ನಾದರೂ ಸರಿಯಾಗಿ ನೋಡಬೇಕಾದರೆ ಎಡಗಣ್ಣು ಮುಚ್ಚುತ್ತಿದ್ದಳು. ಹೂವನ್ನು ಹಾಗೆ ನೋಡಿದಳು, ಕುರ್ಚಿಯನ್ನು ಹಾಗೆ ನೋಡಿದಳು, ನನ್ನನ್ನೂ ಹಾಗೇ ಅಳೆದಳು. ಇಷ್ಟೆಲ್ಲ ಗಮನಿಸುವ ದರ್ದು ನನಗೇನಿತ್ತು? ಶತ್ರುವಿನ ಮೇಲೆ ಕಣ್ಣಿಡಬೇಕು, ಅಷ್ಟೇ, ಅಂದುಕೊಂಡಿದ್ದೆ.

ಐದನೇ ದಿನ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತು. ಸೇವಂತಿಗೆಯನ್ನು ಸುತ್ತ ಜೋಡಿಸಿ ಬದಿಗೆ ಸರಿದು ನಿಂತಿದ್ದೆ. ಹಿಂದಿನ ಕಿಟಕಿಯ ಲೈಟು ಆಚೆ ಬದಿಯ ಹೂವುಗಳ ಎಸಳೊಳಗೆ ಹಾದು ಮುಂದಿನ ಹೂವುಗಳಿಗೆ ಬಂತು. ಮುಂದಿನ ಹೂವುಗಳ ಒಳಗೆ ಯಾರೋ ದೀಪ ಹಚ್ಚಿದ ಹಾಗೆ ಕಂಡಿತು. ಆರು ವರ್ಷ ಆ ಬೆಳಕನ್ನು ನಾನು ಟೇಪು ಹಚ್ಚಿ ಮುಚ್ಚಿಟ್ಟಿದ್ದೆ. ಅವಳು ಹೇಳಿದ್ದು ಸರಿ ಇತ್ತು. ತಪ್ಪು ಮಾಡಿದವರ ಮೇಲಿನ ಸಿಟ್ಟು ನಾಲ್ಕು ದಿನಕ್ಕೆ ಇಳಿಯುತ್ತದೆ. ಸರಿ ಇರುವವರ ಮೇಲಿನದು ಇಳಿಯುವುದಿಲ್ಲ.

ಉಳಿದ ಹೂವನ್ನು ನಾನು ಮನೆಗೆ ಒಯ್ಯುತ್ತೇನೆ. ಆವತ್ತು ಚೊಂಬಿನಲ್ಲಿ ಇಟ್ಟೆ. ಅಕ್ಕ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇಷ್ಟು ದಿನ ಗೋಡೆಗೆ ಒತ್ತಿ ಇಡ್ತಿದ್ದೆ. ಇವತ್ತೇನು, ಮೇಜಿನ ಮಧ್ಯಕ್ಕೆ ಬಂದಿದೆ?"

"ಜಾಗ ಇತ್ತು, ಇಟ್ಟೆ."

"ಯಾರವಳು?"

"ಯಾರು ಯಾರು?"

"ರೀ, ಕೇಳಿದ್ರಾ, ನನ್ನ ತಮ್ಮ ತೊದಲ್ತಿದ್ದಾನೆ," ಅಂತ ಒಳಗಿದ್ದ ಭಾವನಿಗೆ ಕೂಗಿದಳು. ನಾನು ಊಟ ಬಿಟ್ಟು ಮಲಗಿದೆ. ಹೊಟ್ಟೆ ಹಸಿದಿತ್ತು. ಆದರೂ ಎದ್ದು ಹೋಗಲಿಲ್ಲ.

ಇಪ್ಪತ್ತೇಳನೆಯದು ಎತ್ತರದ ಗಾಜಿನ ಹೂದಾನಿ, ಊಟದ ಮೇಜು, ಬಿಳಿ ಡೇಲಿಯಾ. ನನ್ನ ಕೈಯಿಂದ ಅಂಥದ್ದು ಇನ್ನೊಂದು ಬಂದಿಲ್ಲ. ಅವಳು ಎಡಗಣ್ಣು ಮುಚ್ಚಿ ನೋಡಿದಳು, ತೆರೆದಳು, ಮತ್ತೆ ಮುಚ್ಚಿದಳು.

"ಏನೋ ಕಡಿಮೆ ಆಗಿದೆ."

"ಹೂವು ಸಾಕಷ್ಟಿದೆ."

"ಹೂವಲ್ಲ. ಹೋಗಿ ಆ ಕುರ್ಚೀಲಿ ಕೂತ್ಕೊಳ್ಳಿ."

"ನಾನಾ?"

"ಫೋಕಸ್ ನೋಡ್ಬೇಕು. ಪ್ಲೈವುಡ್ಡಿಗೆ ಮುಖ ಇಲ್ವಲ್ಲ."

ಕೂತೆ. ಜೋಡಿಸಿದವನೇ ಆದರೂ ಆ ಕಡೆ ಕೂತು ನಾನು ಹೂವು ನೋಡಿದ್ದು ಅದೇ ಮೊದಲು. ಎಸಳುಗಳ ಸಂದಿಯಲ್ಲಿ ಅವಳ ಒಂದು ಕಿವಿ ಕಂಡಿತು, ಕರಿ ಕ್ಲಿಪ್ಪು ಕಂಡಿತು, ಕ್ಯಾಮೆರಾದ ಮೇಲಿನ ಬೆರಳು ಕಂಡಿತು.

"ಅತ್ತ ಇತ್ತ ನೋಡ್ಬೇಡಿ."

"ಮತ್ತೆ ಎಲ್ಲಿ ನೋಡ್ಲಿ?"

"ಎದುರಿಗೆ."

"ಎದುರಿಗೆ ನೀವಿದ್ದೀರ."

"ಅದಕ್ಕೇ."

ಅವಳು ಕ್ಯಾಮೆರಾ ಕೆಳಗಿಳಿಸಿದಳು. ಎರಡೂ ಕಣ್ಣು ತೆರೆದಿದ್ದವು. ಒಂದು ಕಣ್ಣಿನ ನೋಟಕ್ಕೆ ನಾನು ಒಂಬತ್ತು ದಿನದಿಂದ ಒಗ್ಗಿಹೋಗಿದ್ದೆ. ಎರಡಕ್ಕೆ ತಯಾರಿರಲಿಲ್ಲ.

"ಸಿಟ್ಟಲ್ಲೇ ನೋಡ್ತೀಯಲ್ಲ," ಅಂದಳು. ಒಂಬತ್ತು ದಿನದ ಬಹುವಚನ ಅಲ್ಲೇ ಎಲ್ಲೋ ಬಿದ್ದುಹೋಗಿತ್ತು.

"ನನ್ನ ಮುಖಾನೇ ಹಂಗೆ."

"ಹಂಗೇ ಇರ್ಲಿ."

ಆಮೇಲೆ ಮೇಜು ಬಂದಾಗಲೆಲ್ಲ ನಾನು ಆಚೆ ಬದಿ ಕೂತೆ. ಒಟ್ಟು ಏಳು ಸಲ. ಮಧ್ಯಾಹ್ನ ಉಳಿದವರು ಹೊರಗೆ ಮೆಟ್ಟಿಲ ಮೇಲೆ ಉಣ್ಣಲು ಹೋದರೆ ನಾವಿಬ್ಬರು ಆ ಎರಡು ಗೋಡೆಯ ಮನೆಯಲ್ಲೇ ಡಬ್ಬಿ ಬಿಚ್ಚತೊಡಗಿದೆವು. ಜಗಳ ನಿಲ್ಲಲಿಲ್ಲ. ಅವಳು ಹೂದಾನಿಯನ್ನು ಬದಿಗೆ ಸರಿಸುವಳು, ನಾನು ಮತ್ತೆ ಮಧ್ಯಕ್ಕೆ ತರುವೆ.

"ಮುಖ ಕಾಣಲ್ಲ," ಅನ್ನುವಳು.

"ಹೂವು ಅಲುಗಾಡುತ್ತೆ."

"ನಿಂಗೆ ಹೂವು ಮುಖ್ಯಾನಾ, ಮುಖ ಮುಖ್ಯಾನಾ?"

"ಸಂಬಳ ಹೂವಿಗೆ."

ನಕ್ಕಳು. ಆಮೇಲೆ ಡಬ್ಬಿಯಂಚು ಕೆರೆಯುತ್ತ, "ನಾನಿರೋ ರೂಮಲ್ಲಿ ಮೇಜು ಗೋಡೆಗೆ ತಾಗಿದೆ. ನಾಲ್ಕು ಊರು, ಆರು ರೂಮು, ಎಲ್ಲಾ ಕಡೆ ಹಾಗೇ. ಗೋಡೆ ನೋಡ್ಕೊಂಡು ಉಣ್ಣೋದು," ಅಂದಳು. ನನಗೆ ತಕ್ಷಣ ಒಂದು ಕುಹಕ ಹೊಳೆಯಿತು. ಹೇಳಲಿಲ್ಲ. ಹಾಗೆ ನಾನು ನುಂಗಿದ ಮೊದಲ ಮಾತು ಅದು.

ಮರುದಿನ ಗುಲಾಬಿಯ ಮುಳ್ಳು ಹೆಬ್ಬೆರಳಿಗೆ ಹೊಕ್ಕಿತು. ಎಸಳಿನ ಮೇಲಿನ ಧೂಳು ತೆಗೆಯುವ ಚಿಮಟ ತಂದು ಅವಳೇ ಕೈ ಹಿಡಿದುಕೊಂಡಳು. ಬೈಯುತ್ತಲೇ ತೆಗೆದಳು. ಆರು ವರ್ಷ ಮುಳ್ಳಿನ ಜೊತೆ ಬಾಳಿದವನಿಗೆ ಇಷ್ಟೂ ಗೊತ್ತಾಗಲ್ವಾ, ಇದು ಕೈಯಾ ಕೊರಡಾ, ಎಮ್ಮೆ ಚರ್ಮ, ಅಲುಗಾಡಬೇಡ. ಮುಳ್ಳು ಬಂದ ಮೇಲೂ ಕೈ ಬಿಡಲಿಲ್ಲ. ಮಾವ ಏಣಿಯ ಮೇಲಿಂದ ನೋಡಿದ. ಅವನ ಬಾಯಲ್ಲಿ ಮೊಳೆ ಇದ್ದುದು ನನ್ನ ಪುಣ್ಯ.

ಆ ಸಂಜೆ ದಾರಿಯುದ್ದಕ್ಕೂ ಒಂದೇ ಯೋಚನೆ. ನಲವತ್ತು ಮುಗಿದ ಮೇಲೆ ಅವಳು ಬೇರೆ ಊರಿಗೆ, ಬೇರೆ ಕೆಲಸಕ್ಕೆ. ಅಷ್ಟರೊಳಗೆ ನಾನು ಅವಳಿಗೆ ಯಾರು ಅಂತ ಗೊತ್ತಾಗಬೇಕು. ಹೂವಿನವನಾ, ಅಥವಾ ಆ ಕುರ್ಚಿಯಲ್ಲಿ ಕೂರಬೇಕಾದವನಾ?

ಹದಿನೈದನೇ ದಿನ ಮಧ್ಯಾಹ್ನ ನಲವತ್ತನೆಯದು ಮುಗಿಯಿತು. ಮ್ಯಾನೇಜರ್ ಬಂದರು. ಫೋಟೊಗಳನ್ನು ದೊಡ್ಡ ಪರದೆಗೆ ಹಾಕಿದರು. ಮೊದಲ ದಿನದ ಅದೇ ಎಂಟು ಜನ. ನಾನು ಎಲ್ಲರ ಹಿಂದೆ, ಬಕೆಟ್ಟುಗಳ ಪಕ್ಕದಲ್ಲಿ ನಿಂತಿದ್ದೆ.

ಇಪ್ಪತ್ತೇಳು ಬಂತು. ಬಿಳಿ ಡೇಲಿಯಾ, ಅದರೊಳಗೆ ಬೆಳಕು. ಹೂವಿನ ಆಚೆ, ಮಸುಕಾಗಿ, ಒಂದು ಹೆಗಲು, ಒಂದು ಗದ್ದ, ಅರ್ಧ ಮುಖ. ನಾನು ಅಷ್ಟು ಚೆನ್ನಾಗಿದ್ದೇನೆ ಅಂತ ನನಗೆ ಗೊತ್ತಿರಲಿಲ್ಲ. ಅದು ನಿಜವಾದ ಮನೆಯಂತೆ ಇತ್ತು. ಇಸ್ತ್ರಿ ಹೆಂಗಸು ಅಯ್ಯೋ ಅಂದಳು, ಮೆಲ್ಲಗೆ.

"ಇದ್ಯಾರು ಇದರಲ್ಲಿ?" ಮ್ಯಾನೇಜರ್ ಕೇಳಿದರು.

ಮಾವ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಯಾರೂ ಅಲ್ಲ ಸರ್. ಫೋಕಸ್‌ಗೆ ಅಂತ ಕೂರಿಸಿದ್ದು. ಇಲ್ಲದಿರೋದೂ ಇದೆ."

ಒಂದು ಬಟನ್ ಒತ್ತಿದಳು. ಅದೇ ಡೇಲಿಯಾ, ಅದೇ ಬೆಳಕು, ಖಾಲಿ ಕುರ್ಚಿ. ಯಾವಾಗ ತೆಗೆದಿದ್ದಳೋ. ಮುಂದಿನದಕ್ಕೂ ಇತ್ತು, ಅದರ ಮುಂದಿನದಕ್ಕೂ ಇತ್ತು. ಏಳಕ್ಕೆ ಏಳೂ ಖಾಲಿ ಕುರ್ಚಿ.

"ಹಾಂ, ಇದು ಕ್ಲೀನಾಗಿದೆ," ಅಂದರು ಮ್ಯಾನೇಜರ್.

ಮೊದಲ ದಿನ ಎಲ್ಲರೂ ನಕ್ಕಿದ್ದರು. ಇವತ್ತು ಯಾರೂ ನಗಲಿಲ್ಲ. ಲೈಟಿನವನು ಕೂಡ ತಲೆ ತಗ್ಗಿಸಿ ವೈರು ಸುತ್ತತೊಡಗಿದ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಕೆಟ್ಟುಗಳನ್ನು ಎತ್ತಿಕೊಂಡು ಹಿತ್ತಿಲಿನ ನಲ್ಲಿಗೆ ಬಂದೆ. ಕೊಳೆತ ದಂಟಿನ ನೀರು ಚೆಲ್ಲಿ ತಿಕ್ಕತೊಡಗಿದೆ. ಎರಡನೇ ಬಕೆಟ್ಟು ತಿಕ್ಕುವ ಹೊತ್ತಿಗೆ ಅವಳು ಬಂದಳು.

"ಸಿಟ್ಟಾ?"

"ನನ್ನ ಮುಖಾನೇ ಹಂಗೆ."

"ಮಾತಾಡು. ಹೀಗೆ ತಿಕ್ಕಿದ್ರೆ ಬಕೆಟ್ಟು ತೂತಾಗುತ್ತೆ."

"ಖಾಲಿ ಕುರ್ಚಿ ಯಾವಾಗ ತೆಗೆದ್ರಿ?"

"ನೀನು ಎದ್ದುಹೋದ ಮೇಲೆ. ಪ್ರತಿ ಸಲ."

"ಮೊದಲನೇ ಸಲದಿಂದಾನಾ?"

"ಮೊದಲನೇ ಸಲದಿಂದ." ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. "ಅವರು ಕೇಳಿದ್ರೆ ಕೊಡೋಕೆ ಇರ್ಬೇಕಲ್ಲ. ಅದು ಕೆಲಸ. ನೀನೂ ಬಾಡೋ ಹೂವಿಗೆ ಅಂತ ಎರಡು ಹೆಚ್ಚಿಗೆ ತಂದಿಟ್ಕೊಳ್ಳಲ್ವಾ?"

"ಬಾಡಿದ ಹೂವನ್ನ ನಾನು ಹೂವೇ ಅಲ್ಲ ಅನ್ನಲ್ಲ."

ಅವಳು ನಲ್ಲಿ ನಿಲ್ಲಿಸಿದಳು. ಹತ್ತಿರ ಬಂದು ನಿಂತಳು. ಕ್ಲಿಪ್ಪು ಸಡಿಲಾಗಿ ಒಂದು ಕಡೆ ಕೂದಲು ಇಳಿದಿತ್ತು. ಅದನ್ನು ಎತ್ತಿ ಕಟ್ಟಲಿಲ್ಲ.

"ಕೇಳು. ಆ ಫೋಟೊ ಕಂಪನೀದು. ಅದರಲ್ಲಿ ನೀನಿದ್ದೀಯಲ್ಲ, ಅದು ನಂದು. ನಂದನ್ನ ಅವರಿಗೆ ಯಾಕೆ ಬಿಟ್ಕೊಡ್ಲಿ? ಆ ಕುರ್ಚೀಲಿ ನೀನು ಕೂತ ದಿನದಿಂದ ನಂಗೆ ರೂಮಿಗೆ ಹೋಗೋಕೇ ಮನಸ್ಸಿಲ್ಲ. ಗೋಡೆ ನೋಡ್ಕೊಂಡು ಒಂದು ತುತ್ತು ಇಳಿಯಲ್ಲ. ನೀನಂದ್ರೆ ನಂಗಿಷ್ಟ. ಇನ್ನೂ ಬಿಡಿಸಿ ಹೇಳ್ಬೇಕಾ?"

ಇಷ್ಟು ದಿನ ಬೇಕು ಅಂದುಕೊಂಡಿದ್ದ ಮಾತು ಅದೇ. ಒದ್ದೆ ಕೈಯಲ್ಲಿ ಬಕೆಟ್ಟು ಹಿಡಿದು ಕೇಳಿಸಿಕೊಂಡೆ. ಎದೆ ಹೊಡೆದುಕೊಳ್ಳುತ್ತಿತ್ತು. ಆ ಸದ್ದು ಅವಳಿಗೂ ಕೇಳಿಸುತ್ತಿರಬಹುದು ಅಂತ ಇನ್ನಷ್ಟು ಸಿಟ್ಟು ಬಂತು.

"ಒಳಗೆ ಬಂದು ಹೇಳು," ಅಂದೆ.

"ಏನು?"

"ಎಲ್ಲರೂ ಇದ್ದಾರೆ. ಇದ್ಯಾರು ಅಂತ ಅವರು ಕೇಳಿದ್ರಲ್ಲ, ಅದಕ್ಕೆ ಉತ್ತರ ಹೇಳು. ಇಷ್ಟೆಲ್ಲ ಬೇಡ. ಯಾರೋ ಒಬ್ಬ ಅಂತನಾದ್ರೂ ಹೇಳು."

ಅವಳು ಬಾಗಿಲ ಕಡೆ ನೋಡಿದಳು. ಒಳಗೆ ಮಾವ ಗೋಡೆ ಬಿಚ್ಚುತ್ತಿದ್ದ ಸದ್ದು. ಮ್ಯಾನೇಜರ್ ಯಾರಿಗೋ ಫೋನಿನಲ್ಲಿ ನಗುತ್ತ ಮಾತಾಡುತ್ತಿದ್ದರು. ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ಅವಳ ಕಾಲು ಒಂದು ಸಲ ಆ ಕಡೆ ತಿರುಗಿತು. ನಾನು ನೋಡಿದೆ. ಅಲ್ಲೇ ನಿಂತಿತು.

"ಅವರ ಮುಂದೆ ನಂಗೆ ಧೈರ್ಯ ಬರಲ್ಲ," ಅಂದಳು. ಧ್ವನಿ ಇಷ್ಟೇ ಇಷ್ಟಾಗಿತ್ತು. "ಹೂವಿನವನ ಜೊತೆ ಅಂತ ಅವರು ಆಡ್ಕೊಳ್ಳೋದನ್ನ..." ಅಲ್ಲಿಗೆ ತುಟಿ ಕಚ್ಚಿದಳು. ಕಣ್ಣಲ್ಲಿ ನೀರಿತ್ತು. "ಇಲ್ಲಿ ಹೇಳ್ತಿದ್ದೀನಲ್ಲ. ನಿನ್ನ ಎದುರಿಗೇ ಹೇಳ್ತಿದ್ದೀನಲ್ಲ. ಇಷ್ಟು ಸಾಕಾಗಲ್ವಾ ನಿಂಗೆ?"

ಸಾಕು ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಾಯಿ ತೆರೆದಿದ್ದರೆ ಅದೊಂದೇ ಹೊರಗೆ ಬೀಳುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ. ಬಕೆಟ್ಟನ್ನು ಬೋರಲು ಹಾಕಿದೆ, ಅಂಗಿಗೆ ಕೈ ಒರೆಸಿಕೊಂಡೆ, ಗೇಟಿನ ಕಡೆಗೆ ನಡೆದೆ.