ಕಪಿಲೆ ತೊಗಲಿನ ತೇಪೆ

೧೯೪೨ನೇ ಇಸವಿ ಅಕ್ಟೋಬರ್ ೧೨, ಸೋಮವಾರ. ಬೈರಕೂರಿನ ಮಾವಿನ ತೋಪುಗಳ ಯಜಮಾನ ವೆಂಕಟರಮಣಪ್ಪ ಬೆಳಿಗ್ಗೆ ಒಂಬತ್ತೂವರೆಗೆ ಮುಳಬಾಗಿಲು ಠಾಣೆಗೆ ಬಂದು, ತಮ್ಮ ಲೈಸೆನ್ಸಿನ ರಿವಾಲ್ವರ್ ಪೆಟ್ಟಿಗೆಯಲ್ಲಿ ಇಲ್ಲವೆಂದು ದೂರು ಕೊಟ್ಟರು. ಇನ್‌ಸ್ಪೆಕ್ಟರ್ ಕೋದಂಡರಾಮಪ್ಪ ಎಫ್.ಐ.ಆರ್. ದಾಖಲಿಸಿ ಕೋಲಾರಕ್ಕೆ ತಂತಿ ಕಳಿಸಿದರು. ಆಗಸ್ಟಿನಿಂದ ಅಲ್ಲಲ್ಲಿ ರೈಲು ಹಳಿ ಕೀಳುವುದು, ತಂತಿ ಕತ್ತರಿಸುವುದು ನಡೆದೇ ಇತ್ತು. ಕಾಣೆಯಾದ ರಿವಾಲ್ವರನ್ನು ಬರಿಯ ಕಳವೆಂದು ನೋಡುವ ಕಾಲ ಅದಾಗಿರಲಿಲ್ಲ. ಮಧ್ಯಾಹ್ನವೇ ಉತ್ತರ ಬಂತು: ಯಾರೇ ಆಗಲಿ ದಸ್ತಗಿರಿ ಮಾಡಿ ಕೋಲಾರಕ್ಕೆ ಕಳಿಸತಕ್ಕದ್ದು, ಜಾಮೀನು ಕೂಡದು.

ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್ ಆವಲಪ್ಪನೊಂದಿಗೆ ಬೈರಕೂರಿಗೆ ಹೋದರು. ನಡುಮನೆಯ ಮರದ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ, ಗೀರು ಕೂಡ ಬಿದ್ದಿರಲಿಲ್ಲ. ಗುಂಡುಗಳ ಡಬ್ಬಿ ಪೆಟ್ಟಿಗೆಯಲ್ಲೇ ಭದ್ರವಾಗಿತ್ತು.

"ಗುಂಡು ಬಿಟ್ಟು ಬರೀ ಪಿಸ್ತೂಲು ಒಯ್ದವ್ನೆ. ಏನ್ ಸಾರ್, ಮಜ್ಜಿಗೆ ಕಡೆಯೋಕಾ?" ಎಂದ ಆವಲಪ್ಪ.

ಇನ್‌ಸ್ಪೆಕ್ಟರ್ ನಗಲಿಲ್ಲ. ಬಾಗಿಲ ಮರೆಯಲ್ಲಿ ವೆಂಕಟರಮಣಪ್ಪನ ಹೆಂಡತಿ ಭಾರತಮ್ಮ ನಿಂತಿದ್ದರು. ಬೀಗದ ಕೈ ಗೊಂಚಲು ಅವರ ಸೊಂಟದಲ್ಲಿತ್ತು.

"ಪೆಟ್ಟಿಗೆ ಕೈ ಯಾವಾಗ್ಲೂ ನಿಮ್ಮ ಹತ್ರಾನೇ ಇರುತ್ತಾ ಅಮ್ಮ?"

"ಹೂಂ."

"ಈಚೆಗೆ ಹೊರಗಿನೋರು ಯಾರಾದ್ರೂ ಒಳಗೆ ಬಂದಿದ್ರಾ?"

ಆಕೆ ಗಂಡನ ಮುಖ ನೋಡಿದರು. "ಯಾರೂ ಬಂದಿಲ್ಲ."

"ಬಂದಿದ್ರೆ ಅವಳ ಕಾಲು ಮುರೀತಿದ್ದೆ, ಅವಳಿಗೆ ಗೊತ್ತು" ಎಂದರು ವೆಂಕಟರಮಣಪ್ಪ. ಭಾರತಮ್ಮ ಒಳಗೆ ಸರಿದರು.

ತೋಪಿನ ಬಾವಿಯ ಬಳಿ ಆಳು ಮುನಿಶಾಮಿ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುತ್ತಿದ್ದ. ನೀರು ಸುರಿದು ಇಳಿಬಿದ್ದ ಕಪಿಲೆಯ ದೊಡ್ಡ ತೊಗಲು ಚೀಲದ ಮೇಲೆ ಹೊಸ ತೇಪೆಯೊಂದು ಕಂಡಿತು. ತೇಪೆಯ ನಡುವೆ ಕಪ್ಪು ಗುರುತು: ಗುಂಡಗಿನ ಉಬ್ಬು, ಅದರಿಂದ ಹೊರಟ ನೀಳ ಪಟ್ಟಿ, ಕೆಳಗೊಂದು ಅರ್ಧ ಉಂಗುರ. ಇನ್‌ಸ್ಪೆಕ್ಟರ್ ಎತ್ತು ನಿಲ್ಲಿಸಲು ಹೇಳಿದರು. ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲು ಒದ್ದೆಯಿರುವಾಗ ಕಬ್ಬಿಣಕ್ಕೆ ತಗುಲಿದರೆ ಆ ಜಾಗ ಕಪ್ಪಾಗುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ತೊಗಟೆಯ ರಸಕ್ಕೆ ಕಬ್ಬಿಣದ ಲವಣ ಬೆರೆಸಿ ಅವರೇ ಮಸಿ ಮಾಡಿದ್ದರು. ಈ ತೊಗಲು ಒದ್ದೆಯಾಗಿದ್ದಾಗ ಒಂದು ರಿವಾಲ್ವರನ್ನು ಬಿಗಿಯಾಗಿ ತಬ್ಬಿಕೊಂಡಿತ್ತು.

"ತೇಪೆ ಹಾಕಿದ್ಯಾರೋ?"

"ಮುಳಬಾಗಿಲು ಹಜೀರಾ ಬುದ್ಧಿ. ಜೀನು, ಲಗಾಮು ಹೊಲೀತಿದ್ದ ಜಾನ್ ಪಾಷಾ ಇಲ್ವಾ, ಅವನ ಹೆಂಡ್ತಿ. ಅವನಿಗೆ ಲಕ್ವ ಹೊಡೆದ ಮೇಲೆ ಆಯಮ್ಮನೇ ಬರ್ತಾಳೆ."

"ಮನೆಯೊಳಗೆ ಹೋಗಿದ್ಲಾ?"

ಮುನಿಶಾಮಿ ಚಾವಟಿಯ ತುದಿ ಸವರಿದ. "ತೇಪೆಗೆ ಮುಂಚೆ, ಹರಿದ ಜಾಗ ನೋಡೋಕೆ ಬಂದಾಗ ಅಮ್ಮಾವ್ರು ಕರೆದು ಕಾಫಿ ಕೊಟ್ರು. ಧಣಿ ಊರಲ್ಲಿರ್ಲಿಲ್ಲ. ನಾ ಹೇಳ್ದೆ ಅನ್ಬೇಡಿ."

ಮಾರನೆಯ ದಿನ ಬೆಳಿಗ್ಗೆ ಪಂಚರಿಬ್ಬರನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಮುಳಬಾಗಿಲಿನ ಸಂತೆಮೈದಾನದ ಹಿಂದಿನ ಓಣಿಗೆ ಹೋದರು. ಒಂದೇ ಕೋಣೆಯ ಮನೆ. ಮಂಚದ ಮೇಲೆ ಜಾನ್ ಪಾಷಾ, ಎದೆಯ ಮೇಲೆ ಜೀವವಿಲ್ಲದ ಬಲಗೈ. ಹುಡುಕುವ ಅಗತ್ಯವೇ ಬೀಳಲಿಲ್ಲ. ಸೂರಿನ ಗಳುವಿನಿಂದ ಕಂದು ಬಣ್ಣದ ತೊಗಲು ಚೀಲ ನೇತಾಡುತ್ತಿತ್ತು. ರಿವಾಲ್ವರ್ ಅದರೊಳಗೇ ಇತ್ತು.

ಹಜೀರಾ ಅದನ್ನು ಇಳಿಸಿ ತಾನೇ ಕೊಟ್ಟಳು. "ಇವತ್ತು ಸಾಯಂಕಾಲ ವಾಪಸ್ ಒಯ್ತಿದ್ದೆ ಸಾಬ್. ಇನ್ನೊಂದು ಚೂರು ಒಣಗ್ಬೇಕಿತ್ತು."

"ಏನಕ್ಕಮ್ಮ ಇದು?"

"ಕೋಲಾರದಲ್ಲಿ ಒಬ್ರು ಪಲ್ಟನ್‌ಗೆ ಇಂಥ ಚೀಲ ಹೊಲಿಸ್ತಾರೆ. ಶುಕ್ರವಾರ ಒಂದು ನಮೂನೆ ತಂದು ತೋರ್ಸು, ಸರಿಯಾಗಿದ್ರೆ ಕೆಲ್ಸ ಅಂದ್ರು. ಪಿಸ್ತೂಲಿನ ಆಕಾರದ ಮರದ ಅಚ್ಚು ಕೇಳ್ದೆ. ಕೆಲ್ಸ ಸಿಕ್ಕೋರಿಗೇ ಅಚ್ಚಂತೆ. ನಂಗೆ ಕಪಿಲೆ ಹೊಲಿಗೆ ಬಿಟ್ಟು ಬೇರೆ ಬರ್ತಿರ್ಲಿಲ್ಲ. ಅದ್ಕೇ ಒದ್ದೆ ತೊಗಲನ್ನ ನಿಜವಾದ ಪಿಸ್ತೂಲಿನ ಮೇಲೇ ಒಣಗಿಸಿ ಆಕಾರ ತೆಗ್ದೆ."

ಮಂಚದಿಂದ ಜಾನ್ ಪಾಷಾ ತೊದಲಿದ: "ಮೊದಲ್ನೇದು ಹಾಳು ಮಾಡಿದ್ಳು. ಪಿಸ್ತೂಲಿನ ಅಳತೆಗೇ ಕತ್ತರಿಸಿದ್ಳು. ಅರೆ, ತೊಗಲಿಗೂ ದಪ್ಪ ಇರ್ತದೆ ಕಣೇ ಅಂತ ಬೈದೆ."

"ಅದನ್ನೇ ಕಪಿಲೆಗೆ ತೇಪೆ ಹಾಕ್ದೆ" ಎಂದಳು ಹಜೀರಾ. "ಎರಡನೇದಕ್ಕೆ ಪಿಸ್ತೂಲಿಗೆ ಮೇಣದ ಬಟ್ಟೆ ಸುತ್ತಿದ್ದೀನಿ. ನೋಡಿ, ಒಳಗೆ ಒಂದು ಕಲೆ ಇಲ್ಲ."

ಇನ್‌ಸ್ಪೆಕ್ಟರ್ ರಿವಾಲ್ವರನ್ನು ಎಳೆದರು. ಅದು ಮೆಲ್ಲನೆ, ಸದ್ದಿಲ್ಲದೆ ಹೊರಬಂತು. ನಂಬರು ತಾಳೆಯಾಯಿತು. ಆವಲಪ್ಪ ಖಾಲಿ ಚೀಲವನ್ನು ತನ್ನ ಬೆಲ್ಟಿಗೆ ಹಿಡಿದು ನೋಡಿ, "ನಮ್ ಸರ್ಕಾರದ ಚೀಲಕ್ಕಿಂತ ಚೆನ್ನಾಗೈತೆ ಸಾರ್" ಎಂದ. ಹಜೀರಾಳ ಮುಖ ಒಂದು ಕ್ಷಣ ಅರಳಿತು.

ಹತ್ತೂಕಾಲಿಗೆ ಪಂಚನಾಮೆ ಮುಗಿಯಿತು. ಆಕೆ ಕೇಳಿದಳು: "ಪಿಸ್ತೂಲು ಸಿಕ್ತಲ್ಲ ಸಾಬ್. ಚೀಲ ಕೊಡ್ತೀರಾ?"

"ಅದೂ ಮುದ್ದೆಮಾಲು ಅಮ್ಮ. ಕೋರ್ಟಿಗೆ ಹೋಗುತ್ತೆ."

"ಶುಕ್ರವಾರ ಒಂದು ದಿನಕ್ಕೆ?"

ಅವರು ಆಗದೆಂದು ತಲೆಯಾಡಿಸಿದರು. ಆಕೆಗೆ ಇನ್ನೂ ತಿಳಿದಿರಲಿಲ್ಲವೆಂದು ಆಗ ಅವರಿಗೆ ಹೊಳೆಯಿತು. ಚೀಲದ ಮಾತಿರಲಿ, ಶುಕ್ರವಾರ ಆಕೆಯೂ ಇಲ್ಲಿರುವುದಿಲ್ಲ. ಅದನ್ನು ಹೇಳಿದರು. ಜಾನ್ ಪಾಷಾ ಎಡಗೈ ಊರಿ ಏಳಲು ಹೋಗಿ ಗೋಡೆಗೆ ಒರಗಿಬಿದ್ದ.

"ನಾನೇ ಕದ್ದಿದ್ದು, ಬರ್ಕೊಳ್ಳಿ. ಅವಳಿಗೇನೂ ಗೊತ್ತಿಲ್ಲ."

ಪಂಚರು ನೆಲ ನೋಡಿದರು. ಹಜೀರಾ ಅವನ ತೋಳು ಹಿಡಿದು ಮಲಗಿಸಿ, "ಸುಮ್ನಿರಿ" ಎಂದು ಗದರಿ, ನೀರಿನ ಲೋಟ ಎಡಗೈಗೆ ಎಟುಕುವಂತಿಟ್ಟಳು. ಪಕ್ಕದ ಮನೆಯ ಶಹರ್ ಬಾನುವನ್ನು ಕರೆದು ಅಡುಗೆಯ ವಿಷಯ ಹೇಳಿದಳು. ಆಮೇಲೆ ಹೊರಟಳು.

ಠಾಣೆಯಲ್ಲಿ ಆವಲಪ್ಪನನ್ನು ಹೊರಗೆ ಕಳಿಸಿ ಇನ್‌ಸ್ಪೆಕ್ಟರ್ ಕೇಳಿದರು: "ಬೀಗ ಒಡೆದಿಲ್ಲ. ಪೆಟ್ಟಿಗೆ ತೆಗೆದು ಕೊಟ್ಟಿದ್ಯಾರು?"

"ನಾನೇ ತಕ್ಕೊಂಡೆ."

"ಬೀಗದ ಕೈ?"

ಆಕೆ ಮೇಜಿನ ಮೇಲಿದ್ದ ಚೀಲದತ್ತ ತಿರುಗಿದಳು.

"ಭಾರತಮ್ಮನೋರು ಕೊಟ್ಟಿದ್ದು. ನಂಗೊತ್ತು. ಗಂಡನಿಗೆ ಹೆದರಿ ಸುಮ್ನಿದಾರೆ."

ಹಜೀರಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಹೆಸ್ರು ಹೇಳಿದ್ರೆ ನನ್ನ ಬಿಡ್ತೀರಾ ಸಾಬ್?"

ಸುಳ್ಳು ಹೇಳಿದ್ದರೆ ಹೇಳಿಕೆ ಸಿಗುತ್ತಿತ್ತು. ಲೈಸೆನ್ಸಿಲ್ಲದೆ ಆಯುಧ ಇಟ್ಟುಕೊಂಡದ್ದು, ಯಾರು ಕೊಟ್ಟರೂ ಅಪರಾಧವೇ. ಕೊಟ್ಟವರ ಮೇಲೆ ಇನ್ನೊಂದು ಕೇಸು ಆಗುತ್ತದೆ, ಅಷ್ಟೇ.

"ಇಲ್ಲ" ಎಂದರು.

"ಮತ್ತೆ ಯಾಕೆ ಹೇಳ್ಲಿ? ಆಯಪ್ಪ ಆಕೆಗೆ ಹೊಡೀತಾನೆ. ನೀವು ತಡೀತೀರಾ?"

ಇನ್‌ಸ್ಪೆಕ್ಟರ್ ಆವಲಪ್ಪನನ್ನು ಒಳಗೆ ಕರೆದರು.

ಮಧ್ಯಾಹ್ನದ ಬಸ್ಸಿನಲ್ಲಿ ಆಕೆಯನ್ನು ಕೋಲಾರಕ್ಕೆ ಕಳಿಸಿದರು. ಅಪರಾಧದ ಕಾರಣ ಬರೆಯುವಲ್ಲಿ ಇನ್‌ಸ್ಪೆಕ್ಟರ್ 'ಹೊಲಿಗೆ ಕಲಿಯುವ ಸಲುವಾಗಿ' ಎಂದು ಬರೆದರು. ಗುರುವಾರ ಕೋಲಾರದಿಂದ ಕಡತ ಹಿಂದಿರುಗಿತು: ಇದು ಕಾರಣವಲ್ಲ, ಸರಿಯಾಗಿ ವಿಚಾರಿಸಿ ಬರೆಯತಕ್ಕದ್ದು. ಇನ್‌ಸ್ಪೆಕ್ಟರ್ ಕಡತ ಬಿಚ್ಚಿದರು. ಅಲ್ಲಿ ಬರೆಯಲು ಬೇರೆ ಯಾವ ನಿಜವೂ ಅವರಿಗೆ ಸಿಗಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ, ಸ್ವಲ್ಪ ದಪ್ಪ ಅಕ್ಷರಗಳಲ್ಲಿ ಬರೆದು ರುಜು ಹಾಕಿದರು.