ಬೆಳ್ಳಗಾದ ಎಣ್ಣೆ

ವ್ಯಾಕ್ಯೂಮ್ ಪಂಪಿನ ಎಣ್ಣೆ ಮತ್ತೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಶಿವಕಾಂತಾ ಎದ್ದು ನಿಂತು ಪುನೀತನ ಮುಖಕ್ಕೇ ಕೇಳಿದಳು.

“ಇದನ್ನ ಮಾಡಾವ್ರು ನೀವ ಹೌದಲ್ರಿ?”

“ಏನನ್ನ?”

“ಬಲಾಸ್ಟ್ ವಾಲ್ವ್ ಬಂದ್ ಮಾಡೂದು. ಪಂಪ್ ಕೆಟ್ರ ನಾ ಬರ್ತೀನಲ್ಲ.”

ಪುನೀತ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಮಂಡ್ಯದ ಅವನು ಕುರಕುಂಭದ ಈ ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರ್. ಅವಳು ಪುಣೆಯ ಹಡಪಸರದಲ್ಲಿರುವ ಪಂಪ್ ರಿಪೇರಿ ವರ್ಕ್‌ಶಾಪಿನವಳು. ಸ್ಪ್ಯಾನರ್ ಕೊಡುವ ನೆಪದಲ್ಲಿ ಅವನು ಅವಳ ಮುಖ ನೋಡುತ್ತಿದ್ದ. ಅವಳು ತಿರುಗಿದರೆ ಪಂಪಿನ ಒತ್ತಡ ತೋರುವ ಗೇಜ್ ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಇಷ್ಟವೂ ಆಗಿತ್ತು.

“ನನ್ನ ಬ್ಯಾಚ್‌ನ ನಾನೇ ಯಾಕ್ರೀ ಹಾಳ್ ಮಾಡ್ಕೊಳ್ಲಿ?”

“ಇನ್ನೊಮ್ಮೆ ಹಿಂಗಾದ್ರ ನೌಕರಿ ಬಿಡು ಅಂದಾನ ನಮ್ಮ ಮಾಲಕ. ನನ್ನ ಕೆಲಸಾನ ಸರಿ ಇಲ್ಲಂತ.”

ಅವನು ಬಿಳಿಚಿಕೊಂಡ. “ನಂಗೆ ಗೊತ್ತಿರ್ಲಿಲ್ಲ. ಆದ್ರೆ ಪ್ರಾಮಿಸ್, ನಾನಲ್ಲ.”

ಅವಳು ನಂಬಲಿಲ್ಲ. ಪಂಪು ಬಿಚ್ಚಿದಳು. ಒಳಗೆ ನಡು ಬಿಟ್ಟು ಒಂದು ಪಕ್ಕಕ್ಕೆ ಕೂತ ರೋಟರ್. ಅದರ ಸೀಳುಗಳಲ್ಲಿ ಜಾರುವ ವೇನ್‌ ಎಂಬ ಪಟ್ಟಿಗಳು. ರೋಟರ್ ತಿರುಗಿದಾಗ ಅವು ಹೊರಚಾಚಿ ಗೋಡೆಗೆ ಒತ್ತಿಕೊಂಡು, ಗಾಳಿಯನ್ನು ಹಿಡಿದು, ಹಿಂಡಿ, ಹೊರಗೆ ದಬ್ಬುತ್ತವೆ. ಸಂದುಗಳನ್ನು ಎಣ್ಣೆ ಮುಚ್ಚುತ್ತದೆ. ಆದರೆ ಔಷಧಿ ಒಣಗಿಸುವ ಡ್ರೈಯರಿನಿಂದ ಪಂಪಿಗೆ ಬರುವುದು ಬರೀ ಗಾಳಿಯಲ್ಲ. ನೀರಿನ ಆವಿಯೂ ಬರುತ್ತದೆ. ಹಿಂಡಿದರೆ ಅದು ನೀರಾಗಿ ಎಣ್ಣೆಗೆ ಸೇರಿ ಅದನ್ನು ಬೆಳ್ಳಗಾಗಿಸುತ್ತದೆ. ಬಲಾಸ್ಟ್ ವಾಲ್ವ್ ತೆರೆದಿದ್ದರೆ ಸ್ವಲ್ಪ ಹೊರಗಾಳಿ ಒಳನುಗ್ಗಿ, ಆವಿ ನೀರಾಗುವ ಮೊದಲೇ ಅದನ್ನು ಹೊರಗೊಯ್ಯುತ್ತದೆ.

ವೇನ್‌ಗಳು ಸರಿಯಾಗೇ ಇದ್ದವು. ಹೊಸ ಎಣ್ಣೆ ತುಂಬಿ, ವಾಲ್ವ್ ತೆರೆದು, ಪಂಪು ಚಾಲು ಮಾಡಿದಳು. “ನಾ ಹೊಂಟೆ!” ಎಂದು ಹೊರಗೆ ಕೇಳುವಂತೆ ಕೂಗಿ, ಅವನಲ್ಲದಿದ್ದರೆ ಯಾರು ಬರುತ್ತಾರೆ ನೋಡಲೆಂದು ಪುನೀತನ ತೋಳು ಹಿಡಿದು ಡ್ರೈಯರಿನ ಹಿಂದಕ್ಕೆ ಎಳೆದಳು.

ಅಷ್ಟು ಹತ್ತಿರ ಅವರು ಎಂದೂ ಕೂತಿರಲಿಲ್ಲ. ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು.

“ಕೈ ಬಿಡ್ತೀರಾ?” ಅವನು ಪಿಸುಗುಟ್ಟಿದ.

“ಕಳ್ಳ ಸಿಗೂತನಾ ಇಲ್ಲ.”

ಬಾಗಿಲು ತೆರೆಯಿತು. ಒಂದು ಕೈ ಚಾಚಿ ಬಂದು ಬಲಾಸ್ಟ್ ವಾಲ್ವ್ ಮುಚ್ಚಿತು. ಮಣಿಕಟ್ಟಿನಲ್ಲಿ ಬೆಳ್ಳಿ ಕಡಗ. ದಿನಾ ಊಟ ಬಡಿಸುವಾಗ ಅವಳು ನೋಡುವ ಕಡಗ.

“ಅಪ್ಪಾ!”

ಆ ರೂಮಿನಲ್ಲೇ ಹೆಲ್ಪರ್ ಆಗಿದ್ದ ಅವಳಪ್ಪ ಹುಲಿಗೆಪ್ಪ ಸುಟ್ಟುಕೊಂಡವನಂತೆ ಕೈ ಹಿಂದೆಗೆದ. ಶಿವಕಾಂತಾ ಡ್ರೈಯರಿನ ಹಿಂದಿನಿಂದ ಎದ್ದು ಬಂದಳು. ಪುನೀತನ ತೋಳು ಬಿಡುವುದೇ ಮರೆತುಹೋಯಿತು.

“ಮತ್ತೇನ್ ಮಾಡ್ಲೆವ್ವಾ? ಇಂವ ಗೇಜ್ ನೋಡ್ತಾನ, ನೀ ನಟ್ ನೋಡ್ತಿ. ಇನ್ನೊಂದ್ ಸಲ ಬಂದ್ರ ಬಾಯಿ ಬಿಡ್ತೀರಿ ಅನ್ಕೊಂಡೆ.”

“ನನ್ನ ನೌಕರಿ ಹೋಗೂದಿತ್ತು!”

ಹುಲಿಗೆಪ್ಪ ನೆಲಕ್ಕೆ ಕುಸಿದ. “ಅದು ನನಗ ಗೊತ್ತಿರಲಿಲ್ಲ, ತಾಯಿ.”

ಪುನೀತ ಫೋನ್ ತೆಗೆದು ಅವಳ ಮಾಲಕನಿಗೇ ಹಚ್ಚಿದ. ವಾಲ್ವ್ ಮುಚ್ಚಿದ್ದು ನಮ್ಮ ಕಡೆಯ ತಪ್ಪು, ಈ ಪಂಪಿನ ಹೊಣೆ ನನ್ನದು, ಬೇಕಾದರೆ ಬರೆದುಕೊಡುತ್ತೇನೆ ಎಂದು ಹರಕು ಮರಾಠಿಯಲ್ಲಿ ಹೇಳಿದ. ಹುಲಿಗೆಪ್ಪನ ಹೆಸರು ಎತ್ತಲಿಲ್ಲ. ಶಿವಕಾಂತಾ ಇನ್ನೊಮ್ಮೆ ದಂಗಾದಳು.

ವಾಲ್ವ್ ಮತ್ತೆ ತೆರೆದಳು. ಪಂಪಿನ ಸದ್ದು ಜೋರಾಯಿತು.

“ಇನ್ನ ಎಣ್ಣಿ ಕೆಡಂಗಿಲ್ಲ.”

“ಹಾಗಾದ್ರೆ ನೀವು ಬರಲ್ವಾ?” ಈ ಸಲ ಅವನು ಗೇಜ್ ನೋಡಲಿಲ್ಲ.

“ಪಂಪಿನ ಸಲುವಾಗಿ ಬರಂಗಿಲ್ಲ. ರವಿವಾರ ಸೂಟಿ ಅದ ನನಗ.”

“ಮನಿಗೇ ಬರ್ರಿ ಸಾಹೇಬ್ರ,” ಎಂದ ಹುಲಿಗೆಪ್ಪ, ನೆಲದಿಂದಲೇ.

“ನೀ ಸುಮ್ಮ ಕೂಡ್ರಪಾ!” ಅವಳು ಪುನೀತನ ಕಡೆ ತಿರುಗಿದಳು. “ಪುಣೆದಾಗ ಸದಾಶಿವ ಪೇಠಕ್ಕ ಬರ್ರಿ. ಈ ಮನಷ್ಯಾ ಇಲ್ಲದ ಕಡೆ.”